ಬೆಂಚಿನ ಕಾಲಿನ ಕೆಳಗೆ

೬ ಜನವರಿ

ತಂಗಿಗೆ,

ನಿನ್ನ ಕಾಗದ ತಲುಪಿತು. ಏನಿದ್ದರೂ ಕಾಗದದಲ್ಲಿ ಬರೆ ಎಂದು ನಾನೇ ಹೇಳಿದ್ದು, ಅದಕ್ಕೆ ಪಶ್ಚಾತ್ತಾಪವಿಲ್ಲ. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗದು.

ನೀನು ಕಳಿಸಿದ ನಕ್ಷೆ ನೋಡಿದೆ. ತಲೆಕೆಳಗಾಗಿ ಹಿಡಿದಿದ್ದೇನೋ ಎಂದು ತಿರುಗಿಸಿಯೂ ನೋಡಿದೆ. ಎರಡು ಶೌಚಾಲಯಗಳಿಗೆ ಎರಡು ಬಾಗಿಲು. ಒಳಕ್ಕಲ್ಲ, ಹೊರಕ್ಕೆ ತೆರೆಯಬೇಕು. ಕೆಳಗೆ ಒಂದು ಗೇಣು ಸಂದಿ ಬಿಡಬೇಕು. ಒಳಗಿನಿಂದ ಹಾಕಿದ ಚಿಲಕ ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ಬಿಚ್ಚಿಕೊಳ್ಳಬೇಕು. ಮೂವತ್ತೆಂಟು ವರ್ಷದಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ಸಂದಿ ಬಿಟ್ಟಿದ್ದೀಯ ಎಂದು ಬೈದವರನ್ನು ಕಂಡಿದ್ದೇನೆ, ಸಂದಿ ಬಿಡು ಎಂದು ಕೇಳಿದವಳು ನೀನೊಬ್ಬಳೇ. ಇದಕ್ಕೆ ಬಾಗಿಲು ಯಾಕೆ? ಹಳೆಯ ಚಾದರವೊಂದನ್ನು ಇಳಿಬಿಡು.

ಆಸ್ಪತ್ರೆಯಲ್ಲಿ ನರ್ಸ್ ಆಗಿ ಮರ್ಯಾದೆಯಿಂದ ಇದ್ದೆ. ಅದನ್ನು ಬಿಟ್ಟು ಬಸ್ ಡಿಪೋ ಹಿಂದೆ ನಶೆಯವರಿಗೊಂದು ಕೇಂದ್ರ ತೆರೆದೆ. ಅವರಿಗೆ ಚಹಾ, ಅವರಿಗೆ ಕುರ್ಚಿ, ಊರಿನ ಜನರಿಗೆ ಅವರನ್ನು ಬದುಕಿಸುವ ಪಾಠ. ಈಗ ಅವರು ಚುಚ್ಚಿಕೊಂಡು ಆರಾಮವಾಗಿ ಬೀಳಲೆಂದು ನಾನು ಕೀಲು ಜೋಡಿಸಬೇಕು. ನಿಮ್ಮ ಊರಿನ ಬಡಗಿಗಳು ಆ ಜಾಗಕ್ಕೆ ಕಾಲಿಡಲು ಒಪ್ಪಲಿಲ್ಲ ಎಂದು ಬರೆದಿದ್ದೀಯ. ಅವರಿಗೆ ಬುದ್ಧಿ ಇದೆ.

ಕೊನೆಯಲ್ಲಿ ನಿನ್ನ ಸೋದರಳಿಯನ ವಿಷಯ ತುರುಕಿದ್ದೀಯ. ಚಿಕಿತ್ಸೆಗೆ ಸೇರಿದ್ದಾನಂತೆ, ಬಿಡುವ ಮನಸ್ಸು ಮಾಡಿದ್ದಾನಂತೆ. ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ನಾನು ಅವನನ್ನು ಒಂದು ಮಾತು ಅಂದವನಲ್ಲ. ಮೂರು ವಾರಕ್ಕೆಂದು ಕೊಟ್ಟ ನೋವಿನ ಮಾತ್ರೆಯನ್ನು ಮೂರು ವರ್ಷ ನುಂಗಿದ. ಮಾತ್ರೆ ಸಿಗದಾದಾಗ ಪುಡಿಗೆ ಹೋದ. ನಮ್ಮಪ್ಪನ ಕಾಲದ ಉಳಿಗಳನ್ನು ಮಾರಿ ಬಂದ ದಿನ ಹೊರಗೆ ಹಾಕಿದೆ. ಇಪ್ಪತ್ತಾರು ವರ್ಷದ ಗಂಡಸು, ತಾನು ಮಾಡಿದ್ದನ್ನು ತಾನೇ ಉಣ್ಣಲಿ. ಅವನು ನಿನಗೆ ಅಳಿಯನಾಗಿದ್ದರೆ ಇರಲಿ, ನನಗೆ ಮಗ ಎಂದು ಇನ್ನೊಮ್ಮೆ ಬರೆಯಬೇಡ.

ಬಾಗಿಲು ಮಾಡುವುದಿಲ್ಲ.

ನಿನ್ನ ಅಣ್ಣ

*

೧೯ ಜನವರಿ

ಅಣ್ಣನಿಗೆ,

ನೀನು ಗಟ್ಟಿಮುಟ್ಟಾಗಿದ್ದೀಯ ಎಂಬುದು ಬೈಗುಳದ ದಪ್ಪದಿಂದಲೇ ತಿಳಿಯಿತು, ಸಂತೋಷ.

ಆ ಸಂದಿ ಯಾಕೆ ಎಂದು ನೀನು ಕೇಳಲಿಲ್ಲ. ಕೇಳುವ ಅಭ್ಯಾಸ ನಿನಗೆ ಯಾವತ್ತೂ ಇರಲಿಲ್ಲ. ಆದರೂ ಹೇಳುತ್ತೇನೆ. ಹಳೆಯ ಕಟ್ಟಡದಲ್ಲಿ ನಮಗೊಂದು ಬಾಗಿಲಿತ್ತು. ಒಳಕ್ಕೆ ತೆರೆಯುವ, ಗಟ್ಟಿ ಮರದ, ಒಂದು ಕೂದಲು ತೂರದಷ್ಟು ಬಿಗಿಯಾದ ಬಾಗಿಲು. ನಿನ್ನಂಥವನೇ ಯಾರೋ ಮಾಡಿದ್ದು. ಕಳೆದ ವರ್ಷ ಒಬ್ಬ ದರ್ಜಿ ಒಳಗೆ ಹೋದ. ಇಪ್ಪತ್ತು ನಿಮಿಷ ಕಳೆದ ಮೇಲೆ ಯಾರಿಗೋ ನೆನಪಾಯಿತು. ಅವನು ಬಾಗಿಲಿಗೇ ಒರಗಿ ಬಿದ್ದಿದ್ದ. ಮೂವರು ನೂಕಿದೆವು, ಬಾಗಿಲು ನಾಲ್ಕು ಬೆರಳು ಸರಿದು ನಿಂತಿತು. ನನ್ನ ಕೈಯಲ್ಲಿ ಮದ್ದಿತ್ತು ಅಣ್ಣ. ನ್ಯಾಲೋಕ್ಸೋನ್ ಎಂದು ಅದರ ಹೆಸರು, ಮೂಗಿನೊಳಗೆ ಒಂದು ಸಲ ಒತ್ತಿದರೆ ನಿಂತ ಉಸಿರು ಬರುತ್ತದೆ. ಮದ್ದು ಬಾಗಿಲಿನ ಈಚೆ, ಮೂಗು ಆಚೆ. ಕೀಲು ಕಿತ್ತು ಒಳಗೆ ಹೋಗುವಷ್ಟರಲ್ಲಿ ಅವನು ತಣ್ಣಗಾಗಿದ್ದ. ಅವನ ಅಂಗಿಯ ಜೇಬಿನಲ್ಲಿ ಯಾವುದೋ ಹುಡುಗಿಯ ಮದುವೆ ಬಟ್ಟೆಯ ಅಳತೆ ಬರೆದ ಚೀಟಿ ಇತ್ತು.

ಇನ್ನು ನನ್ನ ಪಾಠದ ಬಗ್ಗೆ. ಕಳೆದ ವಾರ ಹದಿನಾಲ್ಕು ಜನ ಬಂದು ರಬ್ಬರ್ ಗೊಂಬೆಯ ಬಾಯಿಗೆ ಉಸಿರು ಕೊಡಲು ಕಲಿತರು. ಬಸ್ ಚಾಲಕರು, ಕಸ ಗುಡಿಸುವವರು, ಹೋಟೆಲಿನ ಅಡುಗೆಯವನು. ನಿನ್ನಷ್ಟು ಓದಿದವರು ಯಾರೂ ಇಲ್ಲ, ಹಾಗಾಗಿ ಹೇಳಿದ್ದು ಬೇಗ ಅರ್ಥವಾಗುತ್ತದೆ.

ಬಾಗಿಲನ್ನು ಇಲ್ಲಿಯೇ ಯಾರಾದರೂ ಪೆಟ್ಟಿಗೆ ಮಾಡುವವನ ಕೈಲಿ ಮಾಡಿಸುತ್ತೇನೆ. ಸೊಟ್ಟಗಿರುತ್ತದೆ, ಆದರೆ ತೆರೆಯುತ್ತದೆ.

ತಂಗಿ

*

೧೧ ಫೆಬ್ರವರಿ

ತಂಗಿಗೆ,

ನಾಳೆ ಮರದ ಲಾರಿಯವನು ಎರಡು ಬಾಗಿಲು ಇಳಿಸಿ ಹೋಗುತ್ತಾನೆ. ನಿನ್ನ ನಶೆಯವರ ಮೇಲೆ ಕರುಣೆ ಬಂತು ಎಂದು ಸಭೆಯಲ್ಲಿ ಹೇಳಿಕೊಂಡು ತಿರುಗಬೇಡ. ಪೆಟ್ಟಿಗೆ ಮಾಡುವವನು ಬಾಗಿಲು ಮಾಡುತ್ತಾನೆ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಒಂದು ಗೇಣು ಸಂದಿ ಇದೆ. ಹೊರಕ್ಕೆ ತೆರೆಯುತ್ತದೆ. ಚಿಲಕಕ್ಕೆ ಹಿತ್ತಾಳೆಯ ಬಿಲ್ಲೆ ಕೂರಿಸಿ ನಾಣ್ಯಕ್ಕೆ ಗೀರು ಕೊರೆದಿದ್ದೇನೆ, ಬೆಣ್ಣೆಯ ಹಾಗೆ ತಿರುಗುತ್ತದೆ. ಕೂರಿಸುವಾಗ ಮೇಲಿನ ಕೀಲನ್ನು ಮೊದಲು ಬಿಗಿಯಬೇಕು. ನಿನ್ನ ಹದಿನಾಲ್ಕು ವಿದ್ವಾಂಸರಲ್ಲಿ ಯಾರಿಗಾದರೂ ತಿರುಪು ಹಿಡಿಯಲು ಬಂದರೆ ಅವರ ಕೈಲಿ ಮಾಡಿಸು. ಅಂಚಿಗೆ ಸುತ್ತಿಗೆಯಿಂದ ಹೊಡೆದದ್ದು ಗೊತ್ತಾದರೆ ನಾನೇ ಬಂದು ಬಿಚ್ಚಿಕೊಂಡು ಹೋಗುತ್ತೇನೆ.

ದರ್ಜಿ ಯಾರ ಕಡೆಯವನು? ಸುಮ್ಮನೆ ಕೇಳಿದೆ.

ಅಣ್ಣ

*

೨ ಮಾರ್ಚ್

ಅಣ್ಣನಿಗೆ,

ಬಾಗಿಲು ಕೂರಿಸಿದೆವು. ಎಷ್ಟು ಚೆನ್ನಾಗಿವೆ ಎಂದರೆ ನಮ್ಮ ಗೋಡೆಗಳಿಗೆ ನಾಚಿಕೆಯಾಗಿದೆ. ಮೊನ್ನೆ ಬೆಳಿಗ್ಗೆ ಹತ್ತೂವರೆಗೆ ಆ ಸಂದಿಯಲ್ಲಿ ಎರಡು ಪಾದ ಕಂಡವು, ಬೆರಳು ಮೇಲಕ್ಕೆ. ಕಸ ಗುಡಿಸುವವಳು ನಾಣ್ಯ ಹಾಕಿ ತೆರೆದು, ಮೂಗಿಗೆ ಮದ್ದು ಒತ್ತಿ, ನಾನು ಓಡಿ ಬರುವಷ್ಟರಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿದ್ದಳು. ನಾಲ್ಕು ನಿಮಿಷಕ್ಕೆ ಅವನು ಕಣ್ಣು ಬಿಟ್ಟು ನಮಗೇ ಬೈದ. ಮನೆಗಳಿಗೆ ಬಣ್ಣ ಬಳಿಯುವವನಂತೆ. ನಿನ್ನ ಬಾಗಿಲಿನ ವಾರ್ನಿಷ್ ಸರಿಯಾಗಿ ಎಳೆದಿಲ್ಲ ಎಂದೂ ಹೇಳಿ ಹೋದ. ನಿನ್ನ ಸಂಬಂಧಿಕನೇ ಇರಬೇಕು.

ಈಗ ಮುಖ್ಯ ವಿಷಯ. ಇದೇ ಇಪ್ಪತ್ತಕ್ಕೆ ನನ್ನ ಸೋದರಳಿಯನನ್ನು ಚಿಕಿತ್ಸಾ ವಾರ್ಡಿನಿಂದ ಬಿಡುತ್ತಾರೆ. ಮೂರು ತಿಂಗಳು ಏನನ್ನೂ ಮುಟ್ಟಿಲ್ಲ. ಎಲ್ಲಿಗೆ ಹೋಗ್ತೀಯ ಎಂದು ಕೇಳಿದೆ. "ಅಪ್ಪ ಒಪ್ಪಿದ್ರೆ ಮನೆಗೆ. ಒಂದ್ ಬೆಂಚು ಹಾಕ್ಕೊಟ್ರೆ ಅದ್ರ ಮೇಲೇ ಮಲಗ್ತೀನಿ" ಎಂದ. ಅವನಿಗೆ ನನ್ನ ಮನೆಗೆ ಬಾ ಎಂದೆ, ಬೇಡವಂತೆ. ನಿನ್ನಲ್ಲಿ ಅವನಿಗೆ ಏನು ಕಂಡಿತೋ ನನಗೆ ತಿಳಿಯದು.

ಅಪಾಯ ಮುಗಿಯಿತು ಎಂದುಕೊಳ್ಳಬೇಡ. ಮೂರು ತಿಂಗಳಲ್ಲಿ ಮೈ ಹಳೆಯ ಅಭ್ಯಾಸವನ್ನು ಮರೆತಿರುತ್ತದೆ. ಒಂದು ದಿನ ಸೊಂಟ ನೋವೆಂದು ಹಳೆಯ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೆ ಸಾಕು, ಉಸಿರು ನಿಂತುಹೋಗುತ್ತದೆ. ಹೊರಗೆ ಬಂದ ಮೊದಲ ಕೆಲವು ವಾರಗಳಲ್ಲೇ ಹೆಚ್ಚು ಜನ ಹೋಗುವುದು. ಲಾರಿಯವನ ಕೈಲಿ ಒಂದು ಡಬ್ಬಿ ಕಳಿಸಿದ್ದೇನೆ. ಆ ಮೂಗಿನ ಮದ್ದಿನ ಎರಡು ಸ್ಪ್ರೇ ಇವೆ. ಮನೆಯಲ್ಲಿ ಎಲ್ಲರ ಕೈಗೆ ಸಿಗುವ ಕಡೆ ಇಡು.

ತಂಗಿ

*

೧೫ ಮಾರ್ಚ್

ತಂಗಿಗೆ,

ಡಬ್ಬಿಯನ್ನು ತೆರೆಯದೆ ಅದೇ ಲಾರಿಯವನ ಕೈಲಿ ವಾಪಸ್ಸು ಕಳಿಸಿದ್ದೇನೆ.

ಅವನು ಬರಲಿ. ಒಪ್ಪಿದ್ದೇನೆ. ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇನೆ, ಬೆಂಚಿನ ಮೇಲೆ ಯಾರೂ ಮಲಗಬೇಕಾಗಿಲ್ಲ. ಆದರೆ ಒಂದು ಕಡೆ ಅವನು ಬಿಟ್ಟಿದ್ದಾನೆ ಎನ್ನುತ್ತೀಯ, ಇನ್ನೊಂದು ಕಡೆ ಬೀಳುತ್ತಾನೆ ಇಟ್ಟುಕೋ ಎಂದು ಮದ್ದು ಕಳಿಸುತ್ತೀಯ. ಆ ಡಬ್ಬಿ ಕಪಾಟಿನಲ್ಲಿ ಕೂತಿದ್ದರೆ ದಿನಾ ಅವನಿಗೆ ಏನು ಹೇಳುತ್ತದೆ? ನೀನು ಮತ್ತೆ ತಗೋತೀಯ, ನಮಗೆ ಗೊತ್ತು, ಎಂದು ತಾನೇ? ಹೊಸ ಬಾಗಿಲು ಕೂರಿಸಿ ಕಳ್ಳನಿಗೊಂದು ಬೀಗದಕೈ ಮಾಡಿಸಿಡುವ ಬುದ್ಧಿ ಇದು. ನನ್ನ ಮನೆಯಲ್ಲಿ ನಡೆಯದು.

ನಿನ್ನ ಅತ್ತಿಗೆಗೆ ಇದನ್ನೆಲ್ಲ ಹೇಳಿಲ್ಲ. ಅವಳು ಹೆದರುವ ಜಾತಿ. ಕೆಲಸದಿಂದ ಬಂದವಳು ಅವನ ಪಕ್ಕದಲ್ಲೇ ಕೂತು ಉಸಿರು ಎಣಿಸಲು ಶುರು ಮಾಡುತ್ತಾಳೆ. ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಮಾಡಿ ಅವಳ ಕಾಲು ಊದಿಕೊಳ್ಳುತ್ತವೆ, ಅಷ್ಟು ಸಾಕು. ಈ ವಿಷಯ ನನ್ನ ನಿನ್ನ ನಡುವೆ ಇರಲಿ.

ಅಣ್ಣ

*

೨೨ ಮಾರ್ಚ್

ಅಣ್ಣನಿಗೆ,

ಡಬ್ಬಿ ತಲುಪಿತು. ಜೊತೆಗೆ ನಿನ್ನ ತತ್ತ್ವಶಾಸ್ತ್ರವೂ ತಲುಪಿತು. ಎರಡರಲ್ಲಿ ಯಾವುದು ಹೆಚ್ಚು ಜನರನ್ನು ಬದುಕಿಸುತ್ತದೆ ಎಂದು ನಮ್ಮ ಕಸ ಗುಡಿಸುವವಳನ್ನು ಕೇಳಿದೆ. ಅವಳು ನಿನ್ನ ಕಾಗದ ಓದಿ, "ನಿಮ್ಮಣ್ಣ ದೊಡ್ಡವ್ರಾ?" ಎಂದಳು. ವಯಸ್ಸಿನಲ್ಲಿ ಮಾತ್ರ ಎಂದೆ.

ನಿನ್ನ ಕಾರ್ಖಾನೆಯಲ್ಲಿ ಬೆಂಕಿ ಆರಿಸಲು ಎರಡು ಬಕೆಟ್ ಮರಳು ಇಟ್ಟಿದ್ದೀಯಲ್ಲ, ಅದನ್ನು ನೋಡಿ ನಿನ್ನ ಹಲಗೆಗಳಿಗೆ ಬೇಸರವಾಗುತ್ತದೆಯೇ? ಇವನು ನಮ್ಮನ್ನು ನಂಬಲಿಲ್ಲ ಎಂದು ಅವು ಹತ್ತಿಕೊಳ್ಳುತ್ತವೆಯೇ? ಚಿಕ್ಕವನಿದ್ದಾಗಿನಿಂದ ನಿನಗೆ ಒಂದು ರೋಗವಿದೆ. ನೀನು ಕಂಡುಹಿಡಿಯದ ವಿಷಯ ಜಗತ್ತಿನಲ್ಲಿ ಇರಬಾರದು. ಅಮ್ಮನ ಕನ್ನಡಕವನ್ನು ನಾನೇ ಸರಿಮಾಡುತ್ತೇನೆಂದು ನೀನು ಕಿತ್ತಿಟ್ಟಿದ್ದಕ್ಕೆ ಅವಳು ಎರಡು ತಿಂಗಳು ಗೋಡೆ ತಡವಿಕೊಂಡು ಓಡಾಡಿದ್ದು ನೆನಪಿದೆಯೇ? ಆಗಲೂ ತಪ್ಪು ಕನ್ನಡಕದ್ದೇ ಆಗಿತ್ತು. ಶಾಲೆಯಲ್ಲಿ ನಪಾಸಾದಾಗ ತಪ್ಪು ಮೇಷ್ಟರದ್ದು. ಮಗ ಸಾರುವೆಯಿಂದ ಬಿದ್ದಾಗ ತಪ್ಪು ಹಗ್ಗದ್ದು, ಆ ಹಗ್ಗ ಕಟ್ಟಿದವನು ಯಾರು ಎಂದು ನಾವು ಯಾರೂ ಕೇಳಲಿಲ್ಲ, ಪಾಪ ಎಂದು ಬಿಟ್ಟೆವು. ಅತ್ತಿಗೆ ಹೆದರುವ ಜಾತಿಯಂತೆ. ನಿನ್ನ ಜೊತೆ ಮೂವತ್ತು ವರ್ಷ ಬಾಳಿದವಳು ಇನ್ನು ಯಾವುದಕ್ಕೆ ಹೆದರಬೇಕು? ನಿನ್ನ ಮೂಗಿಗೆ ಹೊಡೆಯುವ ಮದ್ದೊಂದನ್ನು ಯಾರಾದರೂ ಕಂಡುಹಿಡಿದರೆ ಮೊದಲ ಡಬ್ಬಿ ಅವಳಿಗೇ ಕೊಡುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಒಂದು ಹಾಳೆ ತುಂಬಿತು. ಎರಡನೆಯದರಲ್ಲಿ ಕೆಲಸದ ಮಾತು.

ಡಬ್ಬಿ ಬೇಡವಾದರೆ ಬೇಡ, ಲಕ್ಷಣಗಳನ್ನಾದರೂ ತಿಳಿದುಕೋ. ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟು ಸಣ್ಣದಾಗುತ್ತದೆ. ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಗೊರಕೆಯಂಥ ಸದ್ದು ಬರುತ್ತದೆ, ಗಂಟಲಲ್ಲಿ ನೀರು ನಿಂತ ಹಾಗೆ, ತುಂಬಾ ನಿಧಾನವಾಗಿ. ಅದು ನಿದ್ದೆಯಲ್ಲ, ಉಸಿರು ಮುಗಿಯುತ್ತಿರುವ ಸದ್ದು. ಕೂಗಿ ಎಬ್ಬಿಸಬೇಕು, ಎದೆಯ ಮೂಳೆಯನ್ನು ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಬೇಕು. ಏಳದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಕೊಡಬೇಕು. ಒಬ್ಬನನ್ನೇ ಬಿಟ್ಟು ಹೋಗಬಾರದು.

ತಂಗಿ

*

೯ ಏಪ್ರಿಲ್, ಮಧ್ಯಾಹ್ನ

ತಂಗಿಗೆ,

ನಿನ್ನ ಎರಡು ಹಾಳೆ ಉಪನ್ಯಾಸದಲ್ಲಿ ಕನ್ನಡಕದವರೆಗೆ ಓದಿದೆ. ಹಗ್ಗದ ಮಾತು ಬಂದ ಕಡೆ ನಿಲ್ಲಿಸಿದೆ. ಕೆಲಸದ ಬೆಂಚಿನ ಒಂದು ಕಾಲು ಅಲ್ಲಾಡುತ್ತಿತ್ತು, ಮಡಚಿ ಅದರ ಕೆಳಗೆ ಇಟ್ಟೆ. ಈಗ ಅಲ್ಲಾಡುತ್ತಿಲ್ಲ. ನಿನ್ನ ಬರವಣಿಗೆ ಮೊದಲ ಸಲ ಒಂದು ಪ್ರಯೋಜನಕ್ಕೆ ಬಂತು.

ಈಗ ನೀನು ಕೂತು ಓದಬೇಕಾದ ಸಂಗತಿ ಹೇಳುತ್ತೇನೆ. ಮೂರು ವಾರವಾಯಿತು ಅವನು ಬಂದು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಕಾರ್ಖಾನೆ ಗುಡಿಸುತ್ತಾನೆ. ಕೈ ಇನ್ನೂ ಮರೆತಿಲ್ಲ. ಇವತ್ತು ಒಂದು ಕಿಟಕಿ ಚೌಕಟ್ಟಿಗೆ ಮೂಲೆಗಳನ್ನು ಒಬ್ಬನೇ ಕೂಡಿಸಿದ. ನಾನು ಮೂಲೆಮಟ್ಟ ಇಟ್ಟು ನೋಡಿದೆ, ತಪ್ಪು ಹುಡುಕಲೆಂದೇ ನೋಡಿದೆ, ಸಿಗಲಿಲ್ಲ. "ಪರವಾಗಿಲ್ಲ" ಎಂದೆ. ಅವನು ನಕ್ಕ. "ಅಪ್ಪಾ, ನೀವು ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಾನೇ ಅರ್ಥ" ಎಂದ. ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರು ಎಂದೆ.

ನಿಂತು ನಿಂತು ಸೊಂಟ ಹಿಡಿದಿದೆ ಎಂದ. ಊಟವಾದ ಮೇಲೆ ಸ್ವಲ್ಪ ಹೊರಗೆ ಹೋಗಿಬರುತ್ತೇನೆ ಎಂದು ಕೇಳಿ ಹೋದ. ಕೇಳಿ ಹೋದ ಎಂಬುದನ್ನು ಗಮನಿಸು. ಅರ್ಧ ಗಂಟೆ ಎಂದವನು ಅರ್ಧ ಗಂಟೆಗೆ ವಾಪಸ್ಸು ಬಂದ. ಈಗ ಮುಂದಿನ ಕೋಣೆಯಲ್ಲಿ ಮಲಗಿದ್ದಾನೆ. ನಾನು ಬೆಂಚಿನ ಬಳಿ ಕೂತು ಬರೆಯುತ್ತಿದ್ದೇನೆ, ಹತ್ತು ಹೆಜ್ಜೆ ದೂರ, ನಡುವಿನ ಬಾಗಿಲು ತೆರೆದೇ ಇದೆ. ಏನು ಗೊರಕೆ ಅಂತೀಯ! ಹಸಿ ಮರಕ್ಕೆ ಗರಗಸ ಎಳೆದ ಹಾಗೆ. ಅವಸರವೇ ಇಲ್ಲ, ಒಂದು ಎಳೆದು, ಆರಾಮವಾಗಿ ಬಿಟ್ಟು, ಎಷ್ಟೋ ಹೊತ್ತಿಗೆ ಇನ್ನೊಂದು. ದುಡಿದವನ ನಿದ್ದೆ ಇದು. ಆ ಪಾಪಿ ಪುಡಿಯ ಕಾಲದಲ್ಲಿ ಮಂಚದ ಮೇಲೆ ಹೊರಳಾಡುತ್ತಿದ್ದನೇ ಹೊರತು ಹೀಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಇದನ್ನು ನಿನ್ನ ಕೇಂದ್ರದ ಗೋಡೆಗೆ ಅಂಟಿಸು. ಡಬ್ಬಿಯಿಲ್ಲ, ಸ್ಪ್ರೇ ಇಲ್ಲ, ಗೊಂಬೆ ಇಟ್ಟುಕೊಂಡು ಪಾಠವಿಲ್ಲ. ಕೈಗೆ ಕೆಲಸ ಕೊಟ್ಟೆ, ಹೊಟ್ಟೆಗೆ ಊಟ ಕೊಟ್ಟೆ, ಮೇಲೆ ಒಂದು ಕಣ್ಣಿಟ್ಟೆ. ನನ್ನ ಮಗ ನನ್ನ ಮನೆಯಲ್ಲಿ ಮಲಗಿದ್ದಾನೆ. ನೀನು ಸಾವಿರ ಜನರನ್ನು ಸೇರಿಸಿ ಹೇಳಿದರೂ ಆಗದ್ದು ಮೂರು ವಾರದಲ್ಲಿ ಆಯಿತು.

ಗೊರಕೆ ನಿಂತಿತು. ಈಗ ನಿದ್ದೆ ಆಳಕ್ಕೆ ಇಳಿದಿರಬೇಕು. ಉಳಿ ಮುಟ್ಟಿದರೆ ಎದ್ದುಬಿಡುತ್ತಾನೆ, ಆದ್ದರಿಂದ ನಾನೂ ಸದ್ದು ಮಾಡದೆ ಕೂತಿದ್ದೇನೆ. ನಿನ್ನ ಅತ್ತಿಗೆ ನಾಲ್ಕಕ್ಕೆ ಬರುತ್ತಾಳೆ, ಬಾಗಿಲಲ್ಲೇ ತಡೆದು ಮೆಲ್ಲಗೆ ಬಾ ಎನ್ನಬೇಕು.

ಅಣ್ಣ

*

೨೮ ಏಪ್ರಿಲ್

ನಾದಿನಿಗೆ,

ಇದರ ಜೊತೆ ನಿನ್ನ ಅಣ್ಣನ ಕಾಗದವನ್ನು ಇಟ್ಟಿದ್ದೇನೆ. ಅಂಚೆಚೀಟಿ ಅಂಟಿಸಿ ಬೆಂಚಿನ ಮೇಲೆ ಇಟ್ಟಿದ್ದ. ಪೆಟ್ಟಿಗೆಗೆ ಹಾಕಲು ಆಮೇಲೆ ಪುರಸೊತ್ತಾಗಲಿಲ್ಲ. ನಿನ್ನ ಹೆಸರಿಗೆ ಬರೆದದ್ದು, ನಿನಗೇ ಸೇರಬೇಕು.

ಮಣ್ಣಿನ ದಿನ ನೀನು ಬಂದೆ, ನನ್ನನ್ನು ಹಿಡಿದುಕೊಂಡು ಅತ್ತು ಹೋದೆ. ಆಗ ನನಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಆ ದಿನ ನಾನು ಬಂದಾಗ ನಿನ್ನ ಅಣ್ಣ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟ. "ಶ್, ಮಲಗಿದಾನೆ. ಎಬ್ಬಿಸ್ಬೇಡ" ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ಮದುವೆಯ ದಿನವೂ ನೋಡಿರಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ. ಮಗನ ಪಾದ ಮುಟ್ಟಿದೆ, ಹೊದಿಕೆ ಸರಿಮಾಡೋಣ ಎಂದು. ಆಮೇಲಿನದನ್ನು ಬರೆಯುವುದಿಲ್ಲ.

ಮೊನ್ನೆ ಕಾರ್ಖಾನೆ ಗುಡಿಸುವಾಗ ಬೆಂಚಿನ ಕಾಲಿನ ಕೆಳಗೆ ಮಡಚಿದ ಕಾಗದ ಸಿಕ್ಕಿತು. ನಿನ್ನ ಅಕ್ಷರ. ಬಿಡಿಸಿ ಓದಿದೆ. ಮೊದಲ ಹಾಳೆ ಪೂರ್ತಿ ಬೈಗುಳ. ಚೆನ್ನಾಗಿ ಬೈದಿದ್ದೀಯ. ಕನ್ನಡಕದ ಕಥೆ, ಹಗ್ಗದ ಕಥೆ, ನನ್ನ ಹೆಸರಿನಲ್ಲೂ ಒಂದು ತಮಾಷೆ. ಗೊರಕೆಯ ಮಾತು ಎರಡನೆಯ ಹಾಳೆಯಲ್ಲಿದೆ. ನನ್ನ ಮಗ ಬದುಕುವ ಸಾಲನ್ನು ನೀನು ನಿನ್ನ ಜಾಣತನದ ಹಿಂದೆ ನಿಲ್ಲಿಸಿದೆ. ನಿನ್ನ ಅಣ್ಣ ಅಲ್ಲಿಗೆ ತಲುಪಲಿಲ್ಲ. ಅಹಂಕಾರಿ, ತಲುಪುವವನೂ ಅಲ್ಲ. ಅದು ನಿನಗೆ ಗೊತ್ತಿತ್ತು, ನೀನು ಅವನ ಜೊತೆ ಹುಟ್ಟಿದವಳು.

ಜನವರಿಯಿಂದ ನೀವಿಬ್ಬರೂ ಎಷ್ಟು ಕಾಗದ ಬರೆದುಕೊಂಡಿರಿ? ನೀನು ಬರೆದವೆಲ್ಲ ಅವನ ಡ್ರಾಯರಿನಲ್ಲಿ ಇದ್ದವು, ಕೂತು ಓದಿದೆ. ಒಬ್ಬರನ್ನೊಬ್ಬರು ಮಣಿಸಲು ಎಷ್ಟು ಶ್ರಮ! ಬಸ್ ಓಡಿಸುವವನಿಗೆ ಹೇಳಿಕೊಟ್ಟೆ, ಹೋಟೆಲಿನ ಅಡುಗೆಯವನಿಗೆ ಹೇಳಿಕೊಟ್ಟೆ. ಡಬ್ಬಿ ವಾಪಸ್ಸು ಬಂದ ಮೇಲಾದರೂ ಲಾಂಡ್ರಿಗೆ ಒಂದು ಫೋನ್ ಮಾಡಿ, ಅತ್ತಿಗೆ, ಹೀಗೆ ಹೀಗೆ, ನಿಮ್ಮ ಚೀಲದಲ್ಲಿ ಇದನ್ನು ಇಟ್ಟುಕೊಳ್ಳಿ ಎಂದು ಹೇಳಲು ನಿನಗೆ ಬಾಯಿ ಬರಲಿಲ್ಲ. ಅವನು ನನ್ನನ್ನು ಹೆದರುವ ಜಾತಿ ಎಂದ, ನೀನು ನನ್ನ ಹೆಸರಿನಲ್ಲಿ ತಮಾಷೆ ಮಾಡಿದೆ. ಇಬ್ಬರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಹೆದರುತ್ತಿದ್ದೆ, ನಿಜ. ಹೆದರಿ ಅವನ ಪಕ್ಕದಲ್ಲೇ ಕೂತಿರುತ್ತಿದ್ದೆ.

ಉತ್ತರ ಬರೆಯುವುದಾದರೆ ಬೈಗುಳವಾಗಲಿ ಅಳುವಾಗಲಿ ಬೇಡ.

ಅವನ ಅಮ್ಮ

*

೬ ಮೇ

ಅತ್ತಿಗೆಗೆ,

ನೀವು ಬರೆದದ್ದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ. ತಪ್ಪು ನನ್ನದು. ಊರಿಗೆಲ್ಲ ಹೇಳಿದೆ, ನಿಮಗೆ ಹೇಳಲಿಲ್ಲ. ಅಣ್ಣನ ಮುಂದೆ ಗೆಲ್ಲಬೇಕಿತ್ತು ನನಗೆ.

ಡಬ್ಬಿ ಕಳಿಸಲೇ ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಲಾಂಡ್ರಿಯಲ್ಲಿ, ನಿಮ್ಮ ಬೀದಿಯಲ್ಲಿ, ಮರ ಕೊಯ್ಯುವ ಸಾಮಿಲ್ಲಿನಲ್ಲಿ, ಮೈ ಮುರಿದು ದುಡಿದು ಮಾತ್ರೆಗೆ ಬಿದ್ದವರು ಇರುತ್ತಾರೆ. ಅವರ ಮನೆಯವರೂ ಇರುತ್ತಾರೆ. ನೀವು ಬಯಸಿದರೆ ಇಲ್ಲಿಗೆ ಬನ್ನಿ. ಎರಡು ವಾರ ನನ್ನ ಜೊತೆಗಿರಿ. ನನ್ನ ಜೊತೆ ಮಾತಾಡಬೇಕಾಗಿಲ್ಲ, ಹೇಳಿಕೊಡುವವಳು ಕಸ ಗುಡಿಸುವವಳು. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ನಿಮ್ಮ ನಾದಿನಿ

*

೧೭ ಆಗಸ್ಟ್

ತಂಗಿಗೆ,

ನಾಲ್ಕು ತಿಂಗಳಿಂದ ಬರೆದಿರಲಿಲ್ಲ. ಈಗಲೂ ನಿನ್ನ ಮೇಲೆ ಪ್ರೀತಿ ಉಕ್ಕಿ ಬರೆಯುತ್ತಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ, ಕಾಗದವಾದರೂ ಕೇಳಲಿ.

ಮೇ ತಿಂಗಳ ಪೂರ್ತಿ ಜನ ಬಂದು ಕೂತು ಎದ್ದು ಹೋದರು. ಸಾಮಿಲ್ಲಿನ ಯಜಮಾನ ಕಾಲ ಮೇಲೆ ಕಾಲು ಹಾಕಿಕೊಂಡು, "ಹೋಗಿದ್ದೇ ಒಳ್ಳೇದಾಯ್ತು ಬಿಡಿ, ನಿಮಗೂ ನೆಮ್ಮದಿ. ಅಂಥೋರು ಉದ್ಧಾರ ಆಗಲ್ಲ" ಎಂದ. ಅವನ ಕುತ್ತಿಗೆ ಹಿಡಿಯೋಣ ಎನಿಸಿತು. ಆದರೆ ಆ ಮಾತು ಅವನದ್ದಲ್ಲ, ನನ್ನದು. ಎರಡು ವರ್ಷ ಅವನ ಮಿಲ್ಲಿನಲ್ಲಿ ಕೂತು ನಾನೇ ಹೇಳಿದ್ದು, ಅಕ್ಷರ ಅಕ್ಷರ ಹಾಗೇ. ನನ್ನ ಮಗನ ಬಗ್ಗೆ ಹೇಗೆ ಮಾತಾಡಬೇಕು ಎಂದು ಊರಿಗೆಲ್ಲ ಕಲಿಸಿದವನು ನಾನು. ಚೆನ್ನಾಗಿ ಕಲಿತಿದ್ದಾರೆ, ನಾಯಿಗಳು.

ನಿನ್ನ ಅತ್ತಿಗೆ ಏಪ್ರಿಲ್‌ನಿಂದ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ನಿನ್ನ ಹತ್ತಿರ ಎರಡು ವಾರ ಇದ್ದು ಬಂದವಳು ಒಂದು ದೊಡ್ಡ ರಬ್ಬರ್ ಗೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿನಿಂದ ಇಳಿದಳು. ನನ್ನನ್ನು ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ನನ್ನ ಹಲಗೆಗಳನ್ನು ಗೋಡೆಗೆ ಸರಿಸಿ, ಕಾರ್ಖಾನೆಯ ನಡುವೆ ಚಾಪೆ ಹಾಸಿ, ಜನರನ್ನು ಕೂರಿಸುತ್ತಾಳೆ. ಐದು ಭಾನುವಾರ ಆಯಿತು.

ಆ ಜನರನ್ನು ನೀನು ನೋಡಬೇಕು. ಕ್ಷೌರಿಕನೊಬ್ಬ ಇಡೀ ಹೊತ್ತು ಫೋನು ನೋಡುತ್ತಾನೆ. ಲಾಂಡ್ರಿಯ ಇಬ್ಬರು ಹೆಂಗಸರು ಚಹಾ ಮುಗಿಯುವವರೆಗೆ ಇದ್ದು ಹೊರಡುತ್ತಾರೆ. ಒಬ್ಬ ಮುದುಕಿ ಬಣ್ಣದ ಪೆನ್ಸಿಲಿನಲ್ಲಿ ಎಲ್ಲವನ್ನೂ ಬರೆದುಕೊಂಡು, ಪುಸ್ತಕವನ್ನು ಇಲ್ಲೇ ಮರೆತು ಹೋಗುತ್ತಾಳೆ. ಇಟ್ಟಿಗೆ ಹೊರುವವನೊಬ್ಬ ಗೊಂಬೆಯ ಬಾಯಿಗೆ ಬಾಯಿ ಇಡಲು ನಾಚುತ್ತಾನೆ. ಬುದ್ಧಿಯಿಲ್ಲದ ಮಂದಿ. ಇವರಲ್ಲಿ ಯಾರೇ ಒಬ್ಬರು ಆ ದಿನ ನನ್ನ ಜಾಗದಲ್ಲಿ ಕೂತಿದ್ದರೆ ಅವನು ಬದುಕಿರುತ್ತಿದ್ದ. ಫೋನ್ ನೋಡುವ ಆ ಕ್ಷೌರಿಕ ಕೂತಿದ್ದರೂ ಸಾಕಿತ್ತು.

ನಾನು ಮೂಲೆಯಲ್ಲಿ ಕೆಲಸ ಮಾಡುತ್ತಿರುವವನ ಹಾಗೆ ನಿಂತಿರುತ್ತೇನೆ. ಈ ಭಾನುವಾರ ಅವಳು ಲಕ್ಷಣಗಳನ್ನು ಹೇಳುತ್ತಿದ್ದಳು. ಈಗ ಮೊದಲ ಮಾತೇ ಗೊರಕೆ. "ನಿದ್ದೆ ಗೊರಕೆ ಬೇರೆ, ಇದು ಬೇರೆ" ಎಂದಳು. ಕ್ಷೌರಿಕ ಫೋನಿನಿಂದ ತಲೆ ಎತ್ತಿ, "ಹೆಂಗಿರುತ್ತೆ ಅಕ್ಕಾ, ಹಿಂಗಾ?" ಎಂದು ಮೂಗಿನಲ್ಲಿ ಹಂದಿಯ ಹಾಗೆ ಸದ್ದು ಮಾಡಿದ. ಎಲ್ಲರೂ ನಕ್ಕರು. ಮುದುಕಿಯೂ ನಕ್ಕಳು. ನಿನ್ನ ಅತ್ತಿಗೆ ಹಾಗಲ್ಲ ಎಂದಳು, ಹೇಗೆಂದು ಮಾಡಿ ತೋರಿಸಲು ಅವಳಿಗೆ ಬರಲಿಲ್ಲ. ಅವಳಿಗೆ ಹೇಗೆ ಗೊತ್ತಿರಬೇಕು? ಅವಳು ಬರುವಷ್ಟರಲ್ಲಿ ಅದು ನಿಂತುಹೋಗಿತ್ತು. ಅದನ್ನು ಪೂರ್ತಿ ಕೇಳಿದವನು ನಾನೊಬ್ಬನೇ.

ಉಜ್ಜುಗೊರಡು ಕೆಳಗಿಟ್ಟು ಮುಂದೆ ಬಂದೆ. ಚಾಪೆಯ ಮೇಲೆ ಗೊಂಬೆಯ ಪಕ್ಕದಲ್ಲಿ ಅಂಗಾತ ಮಲಗಿದೆ. ಮಾಡಿ ತೋರಿಸಿದೆ. ಮೂಗಿನಿಂದಲ್ಲ, ಅದು ಗಂಟಲಿನ ಕೆಳಗಿನಿಂದ ಬರುತ್ತದೆ, ಒಳಗೆ ನೀರು ಅಲ್ಲಾಡುತ್ತದೆ. ಒಂದು ಮಾಡಿದೆ. ಆಮೇಲೆ ಸುಮ್ಮನಿದ್ದೆ. ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ನನಗೆ ಸರಿಯಾಗಿ ಗೊತ್ತು, ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾನು ನಿನಗೆ ಒಂದೊಂದು ಸಾಲು ಬರೆದಿದ್ದೆ. ಆ ಸಾಲುಗಳನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಎರಡನೆಯದು ಮಾಡಿದೆ. ಮೂರನೆಯದು ಮಾಡಿದೆ. ಆಮೇಲೆ ನಿಲ್ಲಿಸಿದೆ.

ಕ್ಷೌರಿಕ ಫೋನನ್ನು ಜೇಬಿಗೆ ಹಾಕಿದ. ನಾನು ಏಳಲು ಮೊಣಕೈ ಊರಿದೆ. ನಿನ್ನ ಅತ್ತಿಗೆ ಬಂದು ನನ್ನ ತಲೆಯ ಹತ್ತಿರ ನಿಂತಳು. ನಾಲ್ಕು ತಿಂಗಳಾದ ಮೇಲೆ ನನ್ನ ಮುಖ ನೋಡಿದಳು.

"ಹಿಂದೆ ಕೂತವ್ರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಮಾಡಿ" ಎಂದಳು.

ಮಾಡಿದೆ.

ನಿನ್ನ ಅಣ್ಣ